ಗಾಂಧಿನಗರದ ಚೆಕ್ಕು, ಕಂಪಲಾಪುರದ ಲೆಕ್ಕ



ಈ ವಾರ ನನ್ನ ಪುಟದಲ್ಲಿ ತಾರೆಯರಿಗೆ ರಜೆ. ಯಾರ ಕಾಲ್‌ಷೀಟು ಯಾರಿಗೆ ಸಿಕ್ಕಿತು, ಯಾರ ಚಿತ್ರ ಡಬ್ಬದಲ್ಲೇ ಕೂತಿತು ಅನ್ನೋದನ್ನೆಲ್ಲ ಪಕ್ಕದ ಪುಟದ ಮಿತ್ರರು ಹೇಳುತ್ತಾರೆ. ನನ್ನ ಮೇಜಿನ ಮೇಲೆ ಒಂದು ಕಾಗದ ಬಂದು ಕೂತಿದೆ. ಅದನ್ನು ಪಕ್ಕಕ್ಕಿಟ್ಟು ಗಾಸಿಪ್ ಬರೆಯಲು ಮನಸ್ಸು ಬರಲಿಲ್ಲ.

ಕಾಗದ ಬಂದದ್ದು ಕಂಪಲಾಪುರದಿಂದ. ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿದವರಿಗೆ ಗೊತ್ತು, ಹುಣಸೂರು ದಾಟಿ ಪಿರಿಯಾಪಟ್ಟಣ ಇನ್ನೂ ಬರುವ ಮೊದಲು ಸಿಗುವ ಊರು. ಹೊಗೆಸೊಪ್ಪಿನ ಸೀಮೆ. ತಂಬಾಕು ಹರಾಜು ಮಾರುಕಟ್ಟೆ ಇರುವ ಜಾಗ. ಬರೆದವರ ಹೆಸರು ಬೇಡ. ಅವರ ಮಾತನ್ನೇ ಕೇಳಿ:

“ಸಾರ್, ನಮಸ್ಕಾರ. ನಾನು ಅಡಿಗೆ ಕಂಟ್ರಾಕ್ಟು ಮಾಡೋನು. ಮದುವೆ, ತಿಥಿ, ಊರ ಹಬ್ಬ ಯಾವುದಾದ್ರೂ ಸೈ. ಡಿಸೆಂಬರಿನಲ್ಲಿ ನಮ್ಮ ಕಡೆ ಸಿನಿಮಾ ಷೂಟಿಂಗ್ ಬಂತು. 12 ದಿನ, ದಿನಕ್ಕೆ 60 ಜನ, ತಿಂಡಿ, ಮಧ್ಯಾಹ್ನದೂಟ, ರಾತ್ರಿ ಊಟ ಸೇರಿ ತಲೆಗೆ 350 ರೂಪಾಯಿ ಅಂತ ಮಾತು. ಒಟ್ಟು 2,52,000 ಆಯ್ತು. 67,000 ಕೊಟ್ಟರು. ಉಳಿದ 1,85,000ಕ್ಕೆ ಜನವರಿ 20ನೇ ತಾರೀಕಿನ ಚೆಕ್ಕು ಕೈಗಿಟ್ಟು ಪ್ಯಾಕಪ್ ಮಾಡ್ಕೊಂಡು ಹೋದರು. 22ಕ್ಕೆ ಬ್ಯಾಂಕಿಗೆ ಹಾಕಿದೆ, 24ಕ್ಕೆ ವಾಪಸ್ ಬಂತು. ಮ್ಯಾನೇಜರಿಗೆ ಫೋನ್ ಮಾಡಿದ್ರೆ ‘ಅಣ್ಣಾ, ಇನ್ನೊಂದು ವಾರ ತಡ್ಕೊಳ್ಳಿ’ ಅಂತಾರೆ. ಆ ಒಂದು ವಾರ ಈಗ ಆರು ವಾರ ಆಗಿದೆ. ದಿನಸಿ ಅಂಗಡಿಯೋರು ಮನೆ ಬಾಗಿಲಿಗೆ ಬರ್ತಾ ಅವ್ರೆ. ಹೆಂಡತಿ ಸರ ಅಡವಿಟ್ಟು ಅಕ್ಕಿ, ಎಣ್ಣೆ ತಂದಿದ್ದೆ. ಊರಲ್ಲಿ ತಿಳಿದೋರೊಬ್ರು ‘30 ದಿನ ದಾಟೋಯ್ತು, ಇನ್ನು ಆ ಚೆಕ್ಕು ಒಲೆಗೆ ಹಾಕಿ ಕಾಫಿ ಕಾಯಿಸ್ಕೋ’ ಅಂದ್ರು. ನಿಜವಾ ಸಾರ್? ನಾನಿಕ್ಕಿದ ಊಟಕ್ಕೆ ಬೆಲೆ ಇಲ್ವಾ?”

ಕಾಗದದ ತಾರೀಕು ಮಾರ್ಚ್ 6. ಓದಿದ ತಕ್ಷಣ ನಾನು ಮಾಡಿದ ಮೊದಲ ಕೆಲಸ, ಪೆನ್ನು ಕೆಳಗಿಟ್ಟು ಫೋನ್ ಎತ್ತಿದ್ದು. ಏಕೆಂದರೆ ನಮ್ಮ ಪತ್ರಿಕೆ ಅಚ್ಚಾಗಿ ಬಸ್ ಸ್ಟ್ಯಾಂಡಿಗೆ ಬರುವ ತನಕ ಕಾಯಿದೆಯ ವಾಯಿದೆ ಕಾಯುವುದಿಲ್ಲ. ಅವರಿಗೆ ಹೇಳಿದ್ದು ಒಂದೇ ಮಾತು: “ಚೆಕ್ಕು ಒಲೆಗೆ ಹಾಕಬೇಡಿ ಯಜಮಾನರೇ. ನಾಳೆಯೇ ತಗೊಂಡು ಹೋಗಿ ಮತ್ತೆ ಬ್ಯಾಂಕಿಗೆ ಹಾಕಿ!”

ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮುಂಚೆ ನನ್ನದೊಂದು ಹಳೇ ಕಥೆ.

ಟ್ರಂಕಿನಲ್ಲಿರುವ ಚೆಕ್ಕು

ನನ್ನ ಟ್ರಂಕಿನಲ್ಲೂ ಒಂದು ಚೆಕ್ಕಿದೆ. 1986ರದ್ದು. ರೂ. 3,500. ಒಬ್ಬ ನಿರ್ಮಾಪಕರಿಗೆ ಸಂಭಾಷಣೆ ಬರೆದುಕೊಟ್ಟದ್ದಕ್ಕೆ ಬಂದ ಸಂಭಾವನೆ. (ಹೆಸರು ಕೇಳಬೇಡಿ.) ಚೆಕ್ಕು ಬ್ಯಾಂಕಿಗೆ ಹೋದ ವೇಗಕ್ಕಿಂತ ಹೆಚ್ಚು ವೇಗವಾಗಿ ವಾಪಸ್ ಬಂತು. ವಕೀಲರ ಹತ್ತಿರ ಹೋದರೆ ಅವರು ನಕ್ಕರು. “ಸ್ವಾಮಿ, ಸಿವಿಲ್ ದಾವೆ ಹಾಕಿ. ಇಲ್ಲ ಅಂದರೆ ಮೊದಲಿನಿಂದಲೂ ಮೋಸ ಮಾಡುವ ಉದ್ದೇಶವೇ ಇತ್ತು ಅಂತ ಸಾಬೀತು ಮಾಡಿ 420 ಕೇಸು ನಡೆಸಿ. ಎರಡಕ್ಕೂ ಆಗುವ ಖರ್ಚು ನಿಮ್ಮ 3,500ಕ್ಕಿಂತ ಜಾಸ್ತಿ” ಅಂದರು. ನಾನು ಸುಮ್ಮನಾದೆ. ಆ ತಿಂಗಳು ಮಗಳ ಸ್ಕೂಲ್ ಫೀಜು ಕಟ್ಟಲು ಗಡಿಯಾರ ಮಾರಿದೆ.

ಆಗ ಕಾನೂನು ಹಾಗೇ ಇತ್ತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ 1881ರದ್ದು, ಬ್ರಿಟಿಷರ ಕಾಲದ್ದು. ನೂರು ವರ್ಷಕ್ಕೂ ಮೇಲ್ಪಟ್ಟು ಅದರಲ್ಲಿ ಚೆಕ್ಕು ವಾಪಸಾದರೆ ಅಪರಾಧ ಅನ್ನುವ ಮಾತೇ ಇರಲಿಲ್ಲ. 1988ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ಮಾಡಿ 138ನೇ ಕಲಂ ಸೇರಿಸಿತು. ಅದು ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಮೂರ್ಖರ ದಿನ! ಆದರೆ ಅಂದಿನಿಂದ ಮೂರ್ಖರಾಗುವ ಸರದಿ ಚೆಕ್ಕು ಕೊಟ್ಟು ಕೈಯೆತ್ತುವವರದ್ದು. 2003ರಿಂದ ಶಿಕ್ಷೆ ಇನ್ನೂ ಹೆಚ್ಚಾಗಿದೆ: ಎರಡು ವರ್ಷದ ತನಕ ಸೆರೆವಾಸ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರ ತನಕ ದಂಡ, ಅಥವಾ ಎರಡೂ. ಕಂಪಲಾಪುರದ ಚೆಕ್ಕಿನ ಲೆಕ್ಕದಲ್ಲಿ ಅದು 3,70,000 ರೂಪಾಯಿಯ ತನಕ. ನಿರ್ಮಾಪಕರು ಸ್ವಲ್ಪ ಲೆಕ್ಕ ಹಾಕಿಕೊಳ್ಳಲಿ.

ಇಂಟರ್‌ವೆಲ್‌ನಲ್ಲಿ ಎದ್ದು ಹೋಗಬೇಡಿ

ಈಗ ಊರಿನ ‘ತಿಳಿದೋರ’ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಚೆಕ್ಕು ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ಕು ಕೊಟ್ಟವರಿಗೆ ಬರಹದಲ್ಲಿ ನೋಟೀಸು ಕಳಿಸಬೇಕು. ಜನವರಿ 24ರಿಂದ ಲೆಕ್ಕ ಹಾಕಿದರೆ ಫೆಬ್ರವರಿ 23ಕ್ಕೆ ಆ ವಾಯಿದೆ ಮುಗಿದಿತ್ತು. ‘ಇನ್ನೊಂದು ವಾರ’ ಅನ್ನುವ ಡೈಲಾಗು ಇದೆಯಲ್ಲ, ಅದು ಸುಮ್ಮನೆ ಬರುವುದಲ್ಲ ಸ್ವಾಮಿ. ಅದನ್ನು ಹೇಳುವ ಬಹಳ ಜನಕ್ಕೆ ಈ 30 ದಿನದ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಚೆಕ್ಕಿಗೆ ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳ ಆಯಸ್ಸು. (ಮೊದಲು ಆರು ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಮೂರಕ್ಕೆ ಇಳಿಸಿತು.) ಜನವರಿ 20ರ ಚೆಕ್ಕು ಏಪ್ರಿಲ್ 19ರ ತನಕ ಜೀವಂತ. ಆ ಅವಧಿಯೊಳಗೆ ಅದನ್ನು ಎಷ್ಟು ಸಲ ಬೇಕಾದರೂ ಬ್ಯಾಂಕಿಗೆ ಹಾಕಬಹುದು. ಮೊದಲ ಸಲ ನೋಟೀಸು ಕೊಡದೆ ಬಿಟ್ಟಿದ್ದರೂ ಎರಡನೇ ಸಲ ವಾಪಸಾದಾಗ ಹೊಸದಾಗಿ 30 ದಿನ ಸಿಗುತ್ತದೆ. ಇದನ್ನು ಸುಪ್ರೀಂ ಕೋರ್ಟು 2012ರಲ್ಲಿ, ಎಂ.ಎಸ್.ಆರ್. ಲೆದರ್ಸ್ ಅನ್ನುವ ಕೇಸಿನಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠದಿಂದ ಖಚಿತವಾಗಿ ಹೇಳಿದೆ.

ನಮ್ಮ ಅಡಿಗೆಯವರು ಮಾರ್ಚ್ 12ಕ್ಕೆ ಮತ್ತೆ ಹಾಕಿದರು. 14ಕ್ಕೆ ಅದೇ ರಾಗ, ಅದೇ ತಾಳ: ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. ಆದರೆ ಈ ಸಲ ವಾಪಸ್ ಮೆಮೊ ಕೈಗೆ ಬಂದಾಗ ಅವರು ಅತ್ತಿಲ್ಲ. “ಸಾರ್, ಬಂತು ಸಾರ್!” ಅಂತ ಫೋನಿನಲ್ಲಿ ಕೂಗಿದರು. ಚೆಕ್ಕು ವಾಪಸ್ ಬಂದದ್ದಕ್ಕೆ ಖುಷಿ ಪಟ್ಟವರನ್ನು ನಾನು ನೋಡಿದ್ದು ಇದೇ ಮೊದಲು.

ನೋಟೀಸು ಅನ್ನುವ ಫೈಟಿಂಗ್ ಸೀನು

ಈಗ ಏಪ್ರಿಲ್ 13ರೊಳಗೆ ನೋಟೀಸು ಹೋಗಬೇಕಿತ್ತು. ಅವರು ಪಿರಿಯಾಪಟ್ಟಣದ ಒಬ್ಬ ವಕೀಲರಿಂದ ಮಾರ್ಚ್ 18ಕ್ಕೇ ಕಳಿಸಿದರು. ನೋಟೀಸಿನಲ್ಲಿ ನೆನಪಿಡಬೇಕಾದ ಮಾತು ಕೆಲವು ಇವೆ.

ಒಂದು, ಮೊತ್ತ. ಚೆಕ್ಕಿನಲ್ಲಿ ಎಷ್ಟಿದೆಯೋ ಅಷ್ಟನ್ನೇ ಕೇಳಬೇಕು. ಸಿಟ್ಟಿನಲ್ಲಿ ಹೆಚ್ಚು ಬರೆದರೆ ಕೇಸೇ ಬಿದ್ದುಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥದ್ದೇ ಒಂದು ಪ್ರಕರಣ ನೋಡಿತು. ಚೆಕ್ಕು ಒಂದು ಕೋಟಿಯದ್ದು, ನೋಟೀಸಿನಲ್ಲಿ ಎರಡು ಕೋಟಿ! ಟೈಪಿಂಗ್ ತಪ್ಪು ಅಂದರೂ ಒಪ್ಪಲಿಲ್ಲ. ಬಡ್ಡಿ, ವಕೀಲರ ಫೀಜು ಕೇಳಬೇಕಿದ್ದರೆ ಬೇರೆ ಸಾಲಿನಲ್ಲಿ ಬೇರೆಯಾಗಿ ಬರೆಸಿ.

ಎರಡು, ಯಾರ ಹೆಸರಿಗೆ. ಚೆಕ್ಕು ಕೈಗೆ ಕೊಟ್ಟ ಪ್ರೊಡಕ್ಷನ್ ಮ್ಯಾನೇಜರನ್ನು ಹಿಡಿದುಕೊಂಡರೆ ಪ್ರಯೋಜನವಿಲ್ಲ. ಚೆಕ್ಕು ಯಾರ ಖಾತೆಯದ್ದು, ಸಹಿ ಯಾರದ್ದು ಅಂತ ನೋಡಿ. ಬ್ಯಾನರ್ ಒಬ್ಬರೇ ಮಾಲೀಕರದ್ದಾದರೆ ಆ ಮಾಲೀಕರಿಗೆ. ಕಂಪನಿ ಅಥವಾ ಪಾಲುದಾರಿಕೆಯಾದರೆ ಸಂಸ್ಥೆಯ ಹೆಸರಿಗೂ, ಸಹಿ ಹಾಕಿದವರಿಗೂ, ವ್ಯವಹಾರ ನೋಡಿಕೊಳ್ಳುವವರಿಗೂ ಕಳಿಸಿ. ಕಂಪನಿಯನ್ನು ಬಿಟ್ಟು ನಿರ್ದೇಶಕರ ಮೇಲೆ ಮಾತ್ರ ಕೇಸು ಹಾಕಿದರೆ ನಿಲ್ಲುವುದಿಲ್ಲ ಅಂತ 2012ರ ಅನಿತಾ ಹಾಡಾ ತೀರ್ಪು ಹೇಳುತ್ತದೆ. (ಇಲ್ಲಿ ನಿರ್ದೇಶಕರು ಅಂದರೆ ಕಂಪನಿಯ ಡೈರೆಕ್ಟರುಗಳು. ‘ಆ್ಯಕ್ಷನ್, ಕಟ್’ ಅನ್ನುವ ಬಡಪಾಯಿ ಅಲ್ಲ!)

ಮೂರು, ಕಳಿಸುವುದು ಹೇಗೆ. ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿಬಿಟ್ಟಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ, ತಲುಪಿದ ದಾಖಲೆ ಎರಡನ್ನೂ ಜೋಪಾನವಾಗಿಡಿ. ‘ಮನೆಯಲ್ಲಿಲ್ಲ’, ‘ಬಾಗಿಲು ಹಾಕಿದೆ’, ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಅಂತ ವಾಪಸ್ ಬಂದರೂ ಎದೆಗುಂದಬೇಡಿ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದಂತೆಯೇ ಲೆಕ್ಕ ಅಂತ 2007ರಲ್ಲೇ ತೀರ್ಪಾಗಿದೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

ನೋಟೀಸು ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಆ 15 ದಿನದಲ್ಲಿ ದುಡ್ಡು ಕೊಟ್ಟರೆ ಕೇಸಿಲ್ಲ. ಕೊಡದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ನಮ್ಮವರ ನೋಟೀಸು ಮಾರ್ಚ್ 21ಕ್ಕೆ ತಲುಪಿದೆ. ಏಪ್ರಿಲ್ 5ರ ತನಕ ಕಾಯಬೇಕು, ಮೇ 5ರೊಳಗೆ ಹಾಕಿಬಿಡಬೇಕು. ಅದಕ್ಕಿಂತ ತಡವಾದರೆ ತಕ್ಕ ಕಾರಣ ಹೇಳಿ ಕ್ಷಮೆ ಕೇಳಲು ಕಾಯಿದೆಯಲ್ಲಿ ದಾರಿಯಿದೆ. ಆದರೆ ಕಾರಣ ಹುಡುಕುವ ಬದಲು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಕೊಳ್ಳುವುದು ಮೇಲು.

ಬೆಂಗಳೂರಿಗೆ ಅಲೆಯಬೇಕೇ?

ಅಡಿಗೆಯವರ ದೊಡ್ಡ ಭಯ ಇದೇ ಆಗಿತ್ತು. “ಅವ್ರ ಆಫೀಸು ಗಾಂಧಿನಗರದಲ್ಲಿ. ಒಂದೊಂದು ವಾಯಿದೆಗೂ ಬೆಂಗಳೂರಿಗೆ ಹೋದ್ರೆ ಇಲ್ಲಿ ಒಲೆ ಹಚ್ಚೋರ್ಯಾರು?”

ಬೇಡ. 2014ರ ಆಗಸ್ಟ್ 1ರ ಒಂದು ತೀರ್ಪಿನಿಂದ ಚೆಕ್ಕು ಕೊಟ್ಟವರ ಬ್ಯಾಂಕು ಇರುವ ಊರಿಗೇ ಹೋಗಬೇಕಾಗಿ ಬಂದಿತ್ತು, ನಿಜ. ದೇಶದ ತುಂಬ ಜನ ಪಾಡು ಪಟ್ಟರು. 2015ರಲ್ಲಿ ಕಾಯಿದೆಯನ್ನೇ ತಿದ್ದಿದರು. ಈಗ ಚೆಕ್ಕು ಹಾಕಿದ ನಿಮ್ಮ ಖಾತೆ ಯಾವ ಶಾಖೆಯಲ್ಲಿದೆಯೋ ಆ ವ್ಯಾಪ್ತಿಯ ಕೋರ್ಟು. ಕಂಪಲಾಪುರದ ಶಾಖೆಯಲ್ಲಿ ಖಾತೆ ಇದ್ದರೆ ಪಿರಿಯಾಪಟ್ಟಣದ ಕೋರ್ಟು. ಗಾಂಧಿನಗರವೇ ಬಸ್ಸು ಹತ್ತಿ ಬರಲಿ!

ಇನ್ನೊಂದು ವಿಷಯ. ಪೊಲೀಸ್ ಸ್ಟೇಷನ್ನಿಗೆ ಹೋಗಿ ‘ಅವನನ್ನು ಹಿಡ್ಕೊಂಡು ಬನ್ನಿ’ ಅಂದರೆ ಆಗುವುದಿಲ್ಲ. 138ರ ಕೇಸನ್ನು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆಯೇ ಹಾಕಬೇಕು. ಮೊದಲಿನಿಂದಲೂ ಮೋಸದ ಉದ್ದೇಶ ಇತ್ತು ಅನ್ನಲು ಬೇರೆ ಸಾಕ್ಷಿ ಇದ್ದರೆ ಮಾತ್ರ ವಂಚನೆಯ ದೂರು. ಇನ್ನು ಹುಡುಗರನ್ನು ಕಟ್ಟಿಕೊಂಡು ಷೂಟಿಂಗ್ ಸ್ಪಾಟಿಗೆ ನುಗ್ಗುವುದು, ಹೀರೋನ ಕಾರು ಅಡ್ಡಗಟ್ಟುವುದು ಪರದೆಯ ಮೇಲೆ ಚೆನ್ನ. ಊರಲ್ಲಿ ಮಾಡಿದರೆ ಆರೋಪಿ ನೀವೇ ಆಗುತ್ತೀರಿ.

ಫಿಲಂ ಚೇಂಬರಿಗೆ ಅರ್ಜಿ ಕೊಡಬಹುದೇ? ಧಾರಾಳವಾಗಿ ಕೊಡಿ. ಹಿರಿಯರು ಕೂರಿಸಿ ಮಾತಾಡಿ ಎಷ್ಟೋ ಬಾಕಿ ಕೊಡಿಸಿದ್ದುಂಟು. ಆದರೆ ಚೇಂಬರು ಕೋರ್ಟಲ್ಲ. ಅಲ್ಲಿ ಮಾತುಕತೆ ನಡೆಯುತ್ತಿದೆ ಅಂತ ಇಲ್ಲಿ 30 ದಿನ, ಒಂದು ತಿಂಗಳು ನಿಂತು ಕಾಯುವುದಿಲ್ಲ.

ರಾಣೆಬೆನ್ನೂರಿನ ಮನೆ, ದೆಹಲಿಯ ತೀರ್ಪು

“ಅವ್ರು ಕೋರ್ಟಲ್ಲಿ ನಾನು ಸಾಲಗಾರನೇ ಅಲ್ಲ ಅಂದ್ರೆ?” ಅಂತ ಮುಂದಿನ ಪ್ರಶ್ನೆ. ಅದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಕೇಸು ಉತ್ತರ. ವಕೀಲರು ಅದನ್ನು ‘ರಂಗಪ್ಪ ಕೇಸು’ ಅಂತಲೇ ಕರೆಯುತ್ತಾರೆ.

ಒಬ್ಬ ಮೆಕ್ಯಾನಿಕ್ ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸಿದರು. ಕೆಲಸದ ಮೇಲ್ವಿಚಾರಣೆ ನೋಡಿಕೊಂಡವರು ಒಬ್ಬ ಸಿವಿಲ್ ಎಂಜಿನಿಯರು. ಮನೆ ಖರ್ಚಿಗೆ ಅಂತ ಎಂಜಿನಿಯರರಿಂದ 45,000 ಕೈಸಾಲ ನಗದಾಗಿ ಪಡೆದರು ಅನ್ನುವುದು ದೂರು. ಅದಕ್ಕೆ 2001ರ ಫೆಬ್ರವರಿ 8ರ ತಾರೀಕಿನ ಚೆಕ್ಕು. ಎಂಜಿನಿಯರು ಶಿವಮೊಗ್ಗದಲ್ಲಿ ಬ್ಯಾಂಕಿಗೆ ಹಾಕಿದರೆ ‘ಪಾವತಿ ನಿಲ್ಲಿಸಲಾಗಿದೆ’ ಅಂತ ವಾಪಸು. ಆರೋಪಿಯ ವಾದ ಏನು ಗೊತ್ತೇ? ಚೆಕ್ಕು ಕಳೆದುಹೋಗಿತ್ತು, ಸಾಲವೇ ಇರಲಿಲ್ಲ! ಕೆಳಗಿನ ಕೋರ್ಟು ಬಿಟ್ಟುಬಿಟ್ಟಿತು. ಹೈಕೋರ್ಟು 2005ರಲ್ಲಿ ಅದನ್ನು ತಿರುಗಿಸಿ 75,000 ದಂಡ ಹಾಕಿತು. 2010ರ ಮೇ 7ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಪರವಾಗಿ ನಿಂತಿತು. ಸಹಿ ನಿಮ್ಮದು ಅಂತಾದರೆ, ಕೊಡಬೇಕಾದ ಹಣಕ್ಕೇ ಚೆಕ್ಕು ಕೊಟ್ಟಿದ್ದೀರಿ ಅಂತ ಕಾಯಿದೆ ಭಾವಿಸುತ್ತದೆ. ಅಲ್ಲ ಅನ್ನುವವರು ಅದನ್ನು ನಂಬುವಂತೆ ತೋರಿಸಬೇಕು. ಕಳೆದುಹೋಗಿತ್ತು ಅನ್ನುವವರು ನೋಟೀಸಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ ಅನ್ನುವುದನ್ನೂ ಕೋರ್ಟು ಗಮನಿಸಿತು.

ಹಾಗಂತ ಕೈಕಟ್ಟಿ ಕೂರಬೇಡಿ. ಎಷ್ಟು ಜನ ಉಂಡರು ಅಂತ ಬರೆದಿಟ್ಟ ಪುಸ್ತಕ, ದಿನಸಿ ಬಿಲ್ಲು, ಮ್ಯಾನೇಜರ್ ಸಹಿ ಹಾಕಿದ ಚೀಟಿ, 67,000 ಬಂದದ್ದರ ದಾಖಲೆ, ‘ಇನ್ನೊಂದು ವಾರ’ ಅಂತ ಮೊಬೈಲಿಗೆ ಕಳಿಸಿದ ಸಂದೇಶ ಎಲ್ಲ ಜೋಡಿಸಿಡಿ. ಮೊಬೈಲಿನಲ್ಲಿರುವುದನ್ನು ಅಳಿಸಬೇಡಿ, ಅದನ್ನು ಸಾಕ್ಷಿ ಮಾಡಲು ಒಂದು ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಮಾಡಿಕೊಡುತ್ತಾರೆ. ಚೆಕ್ಕಿನ ಮೇಲೆ ನೀವು ಏನನ್ನೂ ತಿದ್ದಬೇಡಿ. ನಡುವೆ ಅವರು ಹತ್ತಿಪ್ಪತ್ತು ಸಾವಿರ ಕಳಿಸಿಬಿಟ್ಟರೆ ಪೂರ್ತಿ ಮೊತ್ತಕ್ಕೆ ಚೆಕ್ಕು ಹಾಕುವ ಮೊದಲು ವಕೀಲರನ್ನು ಕೇಳಿ.

ಜೇಬಿಗೆ ದುಡ್ಡು ಬರುವುದು ಯಾವಾಗ?

ಸುಳ್ಳು ಹೇಳಲಾರೆ. ಕಾಯಿದೆಯಲ್ಲಿ ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಅಂತಿದೆ. ರಂಗಪ್ಪ ಕೇಸಿನ ಚೆಕ್ಕು 2001ರದ್ದು, ಕೊನೇ ತೀರ್ಪು 2010ರದ್ದು. ಲೆಕ್ಕ ನೀವೇ ಹಾಕಿ.

ಆದರೆ 2018ರ ಸೆಪ್ಟೆಂಬರಿನಿಂದ ಒಂದು ಅನುಕೂಲವಾಗಿದೆ. ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ, ಕೇಸು ನಡೆಯುತ್ತಿರುವಾಗಲೇ ಚೆಕ್ಕಿನ ಮೊತ್ತದ ಶೇ. 20ರ ತನಕ ಮಧ್ಯಂತರ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ನಮ್ಮವರ ಲೆಕ್ಕದಲ್ಲಿ 37,000. ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಿ ಕೇಳಬೇಕು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಕೇಸು ಸೋತರೆ ಅದನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು.

ಎರಡನೇ ದಾರಿ ಸಿವಿಲ್ ದಾವೆ. ಹಣ ವಸೂಲಿಗೆ ಮೂರು ವರ್ಷದೊಳಗೆ ಹಾಕಬೇಕು. ಕೋರ್ಟ್ ಫೀ ಜಾಸ್ತಿ, ಆದರೆ ಬಡ್ಡಿ ಕೇಳಬಹುದು, ಡಿಕ್ರಿ ಸಿಕ್ಕರೆ ಆಸ್ತಿ ಜಪ್ತಿ ಮಾಡಿಸಬಹುದು. ನೋಟೀಸಿನ 30 ದಿನ ತಪ್ಪಿಸಿಕೊಂಡು ಚೆಕ್ಕಿನ ಆಯಸ್ಸೂ ಮುಗಿದವರಿಗೆ ಉಳಿಯುವ ದಾರಿ ಇದೇ. ಎರಡನ್ನೂ ಒಟ್ಟಿಗೆ ನಡೆಸಲೂ ಅಡ್ಡಿಯಿಲ್ಲ.

ಮೂರನೇ ದಾರಿ ರಾಜಿ. ಈ ಕೇಸುಗಳನ್ನು ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಸಿವಿಲ್ ಡಿಕ್ರಿಗೆ ಸಮ ಅಂತ ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ಕಂತು ತಪ್ಪಿಸಿದರೆ ಜಾರಿಗೆ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ವರಮಾನದ ಮಿತಿಯಿಲ್ಲದೆ ನೆರವು ಸಿಗುತ್ತದೆ.

ಕೊನೆಗೆ ಒಂದು ಎಚ್ಚರಿಕೆ

ಇದೇ ಕಾಯಿದೆಗೆ ಇನ್ನೊಂದು ಮುಖವಿದೆ. ಹೊಗೆಸೊಪ್ಪಿನ ಸೀಮೆಯಲ್ಲಿ ಬ್ಯಾರನ್ನಿಗೆ ಸೌದೆ ತರಲು, ಗೊಬ್ಬರ ಹಾಕಲು ಕೈಸಾಲ ಪಡೆಯುವ ರೈತ ಬಂಧುಗಳೇ, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ಮೊತ್ತ ಬರೆದವರು ಬೇರೆಯವರಾದರೂ ಸಹಿ ನಿಮ್ಮದಾದರೆ ಹೊರೆ ನಿಮ್ಮ ತಲೆಗೇ ಅಂತ 2019ರ ತೀರ್ಪು ಹೇಳುತ್ತದೆ. ಕೊಟ್ಟಿದ್ದರೆ, ಸಾಲ ತೀರಿಸಿದ ದಿನವೇ ಚೆಕ್ಕನ್ನು ವಾಪಸ್ ಇಸಿದುಕೊಳ್ಳಿ, ರಶೀದಿ ಬರೆಸಿಕೊಳ್ಳಿ. ನೋಟೀಸು ಬಂದರೆ ಮುಖ ತಿರುಗಿಸಬೇಡಿ, ಉತ್ತರ ಕೊಡಿ.

ಮೊನ್ನೆ ಅಡಿಗೆಯವರು ಮತ್ತೆ ಫೋನ್ ಮಾಡಿದ್ದರು. ನೋಟೀಸು ತಲುಪಿದ ಮಾರನೇ ದಿನವೇ ಮ್ಯಾನೇಜರು ತಾವಾಗಿ ಫೋನ್ ಮಾಡಿದರಂತೆ. ಆರು ವಾರದಲ್ಲಿ ಅದೇ ಮೊದಲ ಸಲ! “ಅಣ್ಣಾ, ಇದಕ್ಕೆಲ್ಲ ಕೋರ್ಟು ಯಾಕೆ, ಇನ್ನೊಂದು ವಾರ...” ಅಂದರಂತೆ.

“ನೀವೇನಂದಿರಿ?” ಅಂತ ಕೇಳಿದೆ.

“ಒಂದು ವಾರ ಯಾಕೆ ಸಾರ್, ಏಪ್ರಿಲ್ 5ರ ತನಕ ಟೈಮು ತಗೊಳ್ಳಿ ಅಂದೆ.”

ಶಭಾಷ್! ನಾನು ಬರೆದ ಯಾವ ಚಿತ್ರದಲ್ಲೂ ಇಷ್ಟು ಚೆನ್ನಾದ ಡೈಲಾಗು ಬಂದಿರಲಿಲ್ಲ.

ದುಡ್ಡು ಬರುತ್ತದೋ, ಪಿರಿಯಾಪಟ್ಟಣದ ಕೋರ್ಟಿನಲ್ಲಿ ಕೇಸು ನಡೆಯುತ್ತದೋ ಕಾದು ನೋಡಬೇಕು. ಅಡವಿಟ್ಟ ಸರ ಇನ್ನೂ ಮನೆಗೆ ಬಂದಿಲ್ಲ. ಬಂದ ದಿನ ನನಗೂ ಒಂದೂಟ ಇದೆ ಅಂದಿದ್ದಾರೆ. ಅಷ್ಟರಲ್ಲಿ ನಿಮ್ಮಲ್ಲಿ ಯಾರ ಟ್ರಂಕಿನಲ್ಲಾದರೂ ವಾಪಸ್ ಬಂದ ಚೆಕ್ಕಿದ್ದರೆ, ಈ ಪುಟ ಮಡಿಸಿಟ್ಟು ಮೊದಲು ಅದರ ತಾರೀಕು ನೋಡಿ. ನನ್ನದರಂತೆ ಅದು ನೆನಪಾಗಿ ಉಳಿಯುವುದು ಬೇಡ.

ಬರಲೇ? ಮುಂದಿನ ವಾರ ಮತ್ತೆ ತಾರೆಯರ ಜೊತೆ ಸಿಗುತ್ತೇನೆ.